ಜುಲ್ಮೀರಾ ಹಾಡಿದ್ದು ನನ್ನ ಬಾಯಿಂದ

ನಾನು ಒಂದು ಲೌಡ್‌ಸ್ಪೀಕರ್. ಈಗಿನ ಕಪ್ಪು ಪೆಟ್ಟಿಗೆಗಳ ಜಾತಿಯದ್ದಲ್ಲ. ಉಮ್ಮತ್ತಿ ಹೂವಿನ ಹಾಗೆ ಬಾಯಿ ಅರಳಿದ, ಅಲ್ಯೂಮಿನಿಯಂ ತಗಡಿನ, ಹಳೇ ಕಾಲದ ಲೌಡ್‌ಸ್ಪೀಕರ್. ಬಹಳ ಜನ ನನ್ನನ್ನು ಮೈಕು ಎನ್ನುತ್ತಾರೆ. ಅದು ತಪ್ಪು. ಮೈಕು ಕೇಳಿಸಿಕೊಳ್ಳುತ್ತದೆ, ನಾನು ಕೇಳಿಸುತ್ತೇನೆ. ಆದರೆ ತಿದ್ದುವುದಕ್ಕೆ ನನಗೆ ಸ್ವಂತ ದನಿ ಇಲ್ಲದ್ದರಿಂದ ಸುಮ್ಮನಿದ್ದುಬಿಟ್ಟೆ.

ನಾನು ಹುಟ್ಟಿದ್ದು ಬ್ರೆಜಿಲ್ ದೇಶದ ಸಾವೊ ಪೌಲೊ ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ. ತಿರುಗುವ ಅಚ್ಚಿನ ಮೇಲೆ ತಗಡನ್ನು ಒತ್ತಿ ಒತ್ತಿ ನನ್ನ ಬಾಯನ್ನು ಅರಳಿಸಿದರು. ಬೆನ್ನಿಗೆ ಅಯಸ್ಕಾಂತ ಕಟ್ಟಿದರು, ಗಂಟಲಿಗೆ ತೆಳ್ಳನೆಯ ಪೊರೆ ಹಾಕಿದರು, ಬೂದು ಬಣ್ಣ ಬಳಿದರು. ಕೊನೆಗೆ ಒಬ್ಬ ಹೆಂಗಸು ತಂತಿ ಜೋಡಿಸಿ ನನ್ನನ್ನು ಪರೀಕ್ಷೆ ಮಾಡಿದಳು. "ಒಂದು, ಎರಡು, ಮೂರು, ಊಟಕ್ಕೆ ಹೊತ್ತಾಯಿತು" ಎಂದಳು. ನನ್ನ ಬಾಯಿಂದ ಹೊರಟ ಮೊದಲ ಮಾತು ಅದು. ಇಡೀ ಕಾರ್ಖಾನೆ ಎದ್ದು ಊಟಕ್ಕೆ ಹೋಯಿತು. ಮಾತಿಗೆ ಇಷ್ಟು ಶಕ್ತಿ ಇದೆಯೇ ಎಂದು ನಾನು ಬೆರಗಾದೆ.

ಅಲ್ಲಿಂದ ಹಡಗಿನಲ್ಲಿ ಉತ್ತರದ ಬೆಲೇಮ್ ಪಟ್ಟಣಕ್ಕೆ ಬಂದೆ. ಬೆಲೇಮ್‌ನಿಂದ ಅಮೆಜಾನ್ ನದಿಯ ಮೇಲೆ ದೋಣಿಯಲ್ಲಿ, ಒಣಮೀನಿನ ಮೂಟೆಗಳ ನಡುವೆ, ಎಷ್ಟೋ ದಿನ ಪ್ರಯಾಣ ಮಾಡಿದೆ. ಕೊನೆಗೆ ಇಳಿಸಿದ್ದು ಇಗಾಪೊ ಎಂಬ ಊರಿನಲ್ಲಿ. ಒಂದು ಕಡೆ ಕಾಡು, ಒಂದು ಕಡೆ ನದಿ, ನಡುವೆ ಮಾವಿನ ಮರಗಳಿರುವ ಒಂದು ಚೌಕ. ಚೌಕದ ಮೂಲೆಯಲ್ಲಿ ಔಷಧಿ ಅಂಗಡಿ. ಅಂಗಡಿಯ ಯಜಮಾನ ಬೆಲ್ಮಿರೊ ನನ್ನ ಮೊದಲ ಒಡೆಯ. ಎಲ್ಲರೂ ಅವನನ್ನು 'ಸೆಯು ಬೆಲ್ಮಿರೊ' ಎನ್ನುತ್ತಿದ್ದರು. ಸೆಯು ಎಂದರೆ ಆ ದೇಶದಲ್ಲಿ ಯಜಮಾನರೇ ಎಂದ ಹಾಗೆ. ಹೆಂಗಸರಿಗಾದರೆ ದೋನಾ ಎನ್ನುತ್ತಾರೆ.

ಸೆಯು ಬೆಲ್ಮಿರೊಗೆ ಔಷಧಿ ಮಾರುವುದಕ್ಕಿಂತ ಮಾತಾಡುವುದರಲ್ಲಿ ಹೆಚ್ಚು ಆಸೆ. ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಮೈಕು, ಒಂದು ಗ್ರಾಮಫೋನು ಇಟ್ಟುಕೊಂಡು, ಚೌಕದ ಕಂಬದ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಲೌಡ್‌ಸ್ಪೀಕರ್ ಕಟ್ಟಿಸಿದ. ನನಗೆ ನದಿಯ ದಿಕ್ಕು ಸಿಕ್ಕಿತು. ಊರಿಗೆ ಪತ್ರಿಕೆ ಬರುತ್ತಿರಲಿಲ್ಲ, ರೇಡಿಯೊ ಇದ್ದ ಮನೆ ಅಪರೂಪ. ಹಾಗಾಗಿ ಸಂಜೆಯಾದರೆ ಜನ ಚೌಕಕ್ಕೆ ಬಂದು ನಮ್ಮ ಕೆಳಗೆ ಕೂರುತ್ತಿದ್ದರು. ಯಾವ ದೋಣಿ ತಡವಾಗಿದೆ, ಯಾರಿಗೆ ಮಗು ಹುಟ್ಟಿದೆ, ವೈದ್ಯರು ಎಂದು ಬರುತ್ತಾರೆ, ಎಲ್ಲವನ್ನೂ ನಾವೇ ಹೇಳಬೇಕು. ನಡುನಡುವೆ ಹಾಡಿನ ತಟ್ಟೆ. ಹಳದಿ ಅಂಗಿಯ ಹುಡುಗಿಗೆ ಹೆಸರು ಹೇಳಲು ನಾಚುವ ಒಬ್ಬನಿಂದ ಈ ಹಾಡು, ಎಂದು ಬೆಲ್ಮಿರೊ ಓದಿದರೆ ಚೌಕದಲ್ಲಿ ಹಳದಿ ಅಂಗಿ ತೊಟ್ಟವರೆಲ್ಲ ತಲೆ ತಗ್ಗಿಸುತ್ತಿದ್ದರು.

ಒಂದು ಸಂಜೆ ಒಬ್ಬ ಹುಡುಗಿ ಮೆಟ್ಟಿಲು ಹತ್ತಿ ಬಂದಳು. ಹೆಸರು ಜುಲ್ಮೀರಾ, ಹದಿನೇಳರ ವಯಸ್ಸು. ತಾಯಿ ದೋನಾ ಫಿರ್ಮೀನಾಳ ಜೊತೆ ನದಿ ದಡದ ಕಾಯಿ ಕೊಟ್ಟಿಗೆಯಲ್ಲಿ ಕೆಲಸ. ಕಾಡಿನ ದೊಡ್ಡ ಮರಗಳಿಂದ ಬೀಳುವ ಒಂದು ಕಾಯಿಯಿದೆ, ಹೊರದೇಶದವರು ಅದರ ಬೀಜಕ್ಕೆ ಬ್ರೆಜಿಲ್ ಬೀಜ ಎನ್ನುತ್ತಾರೆ. ಅದರ ಚಿಪ್ಪು ಕಲ್ಲಿನಂಥದ್ದು. ದಿನವಿಡೀ ಅದನ್ನು ಒಡೆಯುವ ಹೆಂಗಸರ ಬೆರಳ ಗೆಣ್ಣುಗಳಲ್ಲಿ ಯಾವಾಗಲೂ ಗಾಯ. ಜುಲ್ಮೀರಾಳ ಬೆರಳುಗಳಿಗೂ ಬಟ್ಟೆಯ ಚೂರು ಸುತ್ತಿತ್ತು.

"ನಮ್ಮನೆ ಮೇಕೆ ಕಳೆದುಹೋಗಿದೆ, ಸೆಯು ಬೆಲ್ಮಿರೊ. ಸ್ವಲ್ಪ ಹೇಳ್ತೀರಾ?"

ಬೆಲ್ಮಿರೊಗೆ ಅಂದು ನೆಗಡಿ. "ನನ್ನ ಗಂಟಲು ಕಟ್ಟಿದೆ. ನೀನೇ ಹೇಳು" ಎಂದು ಮೈಕನ್ನು ಅವಳ ಕಡೆ ತಿರುಗಿಸಿದ.

ಅವಳು ಮೈಕಿನ ಮುಂದೆ ನಿಂತು, ಹೊಲದ ಆಚೆ ಇದ್ದವರನ್ನು ಕರೆಯುವ ಹಾಗೆ ಕೂಗಿದಳು. ನನ್ನ ಪೊರೆ ತಡೆಯಲಾರದೆ ಕಿರ್ರೆಂದು ಅರಚಿತು. ನಾಯಿಗಳು ಎದ್ದು ಓಡಿದವು.

"ಊರನ್ನ ಕೂಗಬೇಡಮ್ಮ," ಎಂದ ಬೆಲ್ಮಿರೊ. "ಊರು ಇಲ್ಲೇ ನಿನ್ನ ಮೂಗಿನ ಮುಂದೆ ಕೂತಿದೆ ಅಂದ್ಕೊ. ಹತ್ತಿರ ಬಾ, ಮೆಲ್ಲಗೆ ಹೇಳು."

ಅವಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು. ಆಗ ಅವಳ ನಿಜವಾದ ದನಿ ನನ್ನೊಳಗೆ ಬಂತು. ಅದು ದಪ್ಪ ದನಿ, ಸ್ವಲ್ಪ ಒರಟು, ತಳದಲ್ಲಿ ಏನೋ ಮರಳು ಸರಿದ ಹಾಗೆ. ಕೆಳಗೆ ಯಾರೋ, "ಯಾವ ಗಂಡಸಿನ ಮೇಕೆಯಪ್ಪಾ ಕಳೆದದ್ದು?" ಎಂದರು. ಚೌಕ ನಕ್ಕಿತು. ನಗು ಕಿಟಕಿಯಿಂದ ಮೇಲೆ ಬಂತು. ಆಮೇಲೆ ನನಗೆ ತಿಳಿಯಿತು, ಇಗರ್ಜಿಯ ಗಾಯನದಲ್ಲೂ ಅವಳಿಗೆ, "ನೀನು ಬಾಯಿ ಆಡಿಸು ಸಾಕು, ದನಿ ಬೇಡ" ಎಂದಿದ್ದರಂತೆ.

ಅವಳು ಇಳಿದು ಹೋಗಬಹುದಿತ್ತು. ಹೋಗಲಿಲ್ಲ. ಮೇಕೆಯ ಗುರುತನ್ನೇ ಹಾಡತೊಡಗಿದಳು.

ಕಪ್ಪು ಕಿವಿ, ಬಿಳಿ ಹೊಟ್ಟೆ, ಒಂದೇ ಕೊಂಬು, ದೊಡ್ಡ ಜಂಬ,
ಕರೆದರೆ ಬಾರಳು, ಬೈದರೆ ಬರುವಳು,
ಕಂಡವರು ದಯಮಾಡಿ ಒಂದಿಷ್ಟು ಬೈದು ಕಳಿಸಿ.

ಚೌಕ ಮತ್ತೆ ನಕ್ಕಿತು. ಆದರೆ ಈ ನಗು ಬೇರೆ. ಮರುದಿನ ಒಬ್ಬ ಬೆಸ್ತ ಆ ಮೇಕೆಯನ್ನು ಹೊಡೆದುಕೊಂಡು ಬಂದು ಮನೆಗೆ ಬಿಟ್ಟ. ದಾರಿಯುದ್ದಕ್ಕೂ ಬೈದೇ ತಂದೆ ಎಂದು ಹೇಳಿದನಂತೆ.

ಅಂದಿನಿಂದ ಜುಲ್ಮೀರಾ ಕೊಟ್ಟಿಗೆಯ ಕೆಲಸ ಮುಗಿಸಿ ದಿನವೂ ಮೆಟ್ಟಿಲು ಹತ್ತುತ್ತಿದ್ದಳು. ತಡವಾದ ದೋಣಿಗೆ ಒಂದು ಹಾಡು, ಕಳೆದುಹೋದ ಕೊಡೆಗೆ ಒಂದು ಹಾಡು, ಲಸಿಕೆ ಹಾಕುವ ವೈದ್ಯರಿಗೆ ಹೆದರುವ ಮಕ್ಕಳಿಗೆ ಒಂದು ಹಾಡು. ಬೆಲ್ಮಿರೊ ಒಂದು ಹಳೆಯ ಗಿಟಾರು ಕೊಟ್ಟ. ಅವಳ ಕಲಿಕೆ ನಡೆದದ್ದು ಹೀಗೆ. ಕೊಡೆಗೆ ಎಷ್ಟು ಸಾಲು ಬೇಕು, ಸಾವಿಗೆ ಎಷ್ಟು ಸಾಲು ಸಾಕು ಎಂಬುದನ್ನು ಅವಳು ಆ ಕೋಣೆಯಲ್ಲಿ ಕಂಡುಕೊಂಡಳು.

ಸಾವಿನ ಮಾತು ಏಕೆ ಬಂತೆಂದರೆ, ಆ ವರ್ಷ ಅಂಬಿಗ ತಿಬೂರ್ಸಿಯೊ ತೀರಿಕೊಂಡ. ಊರಿನವರನ್ನೆಲ್ಲ ಹೊಳೆ ದಾಟಿಸಿದ ಮುದುಕ. ಜುಲ್ಮೀರಾ ಆ ಸಂಜೆ ಅವನು ದಾಟಿಸಿದವರ ಹೆಸರುಗಳನ್ನು ಹಾಡಿದಳು. ಹೆರಿಗೆಗೆ ಹೊರಟ ಇಂಥವಳನ್ನು ದಾಟಿಸಿದವನು, ಮನೆಬಿಟ್ಟು ಓಡಿದ ಇಂಥವನನ್ನು ದಾಟಿಸಿ ಮರುದಿನ ಅವನನ್ನೇ ವಾಪಸು ತಂದವನು, ಹೀಗೆ. ಕೊನೆಗೆ ಒಂದೇ ಪ್ರಶ್ನೆ: ಇವತ್ತು ಅವನನ್ನು ದಾಟಿಸಿದವರು ಯಾರು? ಹಾಡು ಮುಗಿದಾಗ ಕೆಳಗೆ ಯಾರೂ ಅಳುತ್ತಿರಲಿಲ್ಲ. ಎಲ್ಲರೂ ಎದ್ದು ನಿಂತಿದ್ದರು. ಎದ್ದು ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ.

ಆ ಹಾಡಿನ ನಂತರ ಬೆಲ್ಮಿರೊ ಅವಳ ಹಿಂದೆ ಬಿದ್ದ. ಬೆಲೇಮ್‌ಗೆ ಹೋಗು, ಅಲ್ಲಿ ರೇಡಿಯೊ ಇದೆ ಎಂದು ದಿನಾ ಹೇಳಿದ. ಅವಳಿಗೆ ತಾಯಿಯ ಚಿಂತೆ. ದೋನಾ ಫಿರ್ಮೀನಾ ಕಂಬದ ಕೆಳಗೆ ನಿಂತೇ ಆ ಚಿಂತೆಯನ್ನು ಮುಗಿಸಿದಳು.

"ಹೋಗು. ಇಲ್ಲಿ ಕಾಯಿ ಒಡೆಯೋಕೆ ನಾನಿದ್ದೀನಿ" ಎಂದಳು.

ಜುಲ್ಮೀರಾ ಹೊರಟ ದೋಣಿ ನನ್ನ ದಿಕ್ಕಿನಲ್ಲೇ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ಬೆಲ್ಮಿರೊ ತಟ್ಟೆಯ ಮೇಲೆ ತಟ್ಟೆ ಹಾಕುತ್ತಲೇ ಇದ್ದ.

ಬೆಲೇಮ್‌ನಿಂದ ಅವಳು ರಿಯೊ ಎಂಬ ಮಹಾನಗರಕ್ಕೆ ಹೋದಳು ಎಂದು ಕೇಳಿದೆವು. ಆ ಹೊತ್ತಿಗೆ ಬೆಲ್ಮಿರೊ ಒಂದು ಒಳ್ಳೆಯ ರೇಡಿಯೊ ತಂದು ಅದನ್ನು ನಮಗೆ ಜೋಡಿಸಿದ್ದ. ದೂರದ ಊರುಗಳ ದನಿ ನಮ್ಮ ಬಾಯಿಂದ ಬರತೊಡಗಿತು. ಒಂದು ಸಂಜೆ ಪಿಟೀಲುಗಳ ಸದ್ದಿನ ನಡುವೆ ಒಂದು ಹಾಡು ಬಂತು. ಹೊಳೆ ದಾಟಿಸಿದವನ ಹಾಡು. ತಿಬೂರ್ಸಿಯೊನ ಹಾಡು. ಇಡೀ ಚೌಕ ಮಾತು ನಿಲ್ಲಿಸಿತು. ಆದರೆ ಹಾಡುತ್ತಿದ್ದವಳು ಜುಲ್ಮೀರಾ ಅಲ್ಲ. ಎಲ್ವೀರಾ ಸಾಂಪಾಯೊ ಎಂಬ ದೊಡ್ಡ ಗಾಯಕಿ. ಜೇನಿನಂಥ ದನಿ. ಬರೆದವರ ಹೆಸರನ್ನು ನಿರೂಪಕ ಅವಸರದಲ್ಲಿ ನುಂಗಿಬಿಟ್ಟ.

ದೋನಾ ಫಿರ್ಮೀನಾ ಕಂಬಕ್ಕೆ ಒರಗಿ ನಿಂತಿದ್ದಳು. "ಹಾಡು ಅವಳದೇ. ಬಾಯಿ ಮಾತ್ರ ಇನ್ಯಾರದೋ" ಎಂದಳು.

ಹೀಗೆ ಕೆಲವು ವರ್ಷ ನಡೆಯಿತು. ಜುಲ್ಮೀರಾಳ ಹಾಡುಗಳು ಬರುತ್ತಿದ್ದವು, ಜುಲ್ಮೀರಾ ಬರುತ್ತಿರಲಿಲ್ಲ. ಊರಿನವರಿಗೆ ಅಭ್ಯಾಸವಾಗಿ ಹೋಯಿತು. ನನಗೆ ಆಗಲಿಲ್ಲ. ಜೇನಿನಂಥ ದನಿಗಳು ನನ್ನ ತಗಡಿನಲ್ಲಿ ಯಾವಾಗಲೂ ಸ್ವಲ್ಪ ಕೀರಲಾಗುತ್ತವೆ.

ಆಮೇಲೆ ಒಂದು ಮಧ್ಯಾಹ್ನ ಅವಳೇ ದೋಣಿ ಇಳಿದು ಬಂದಳು. ಕತ್ತರಿಸಿದ ಕೂದಲು, ಪಟ್ಟಣದ ಚಪ್ಪಲಿ, ಕೈಯಲ್ಲಿ ಅದೇ ಹಳೆಯ ಗಿಟಾರು. ಮನೆಗೆ ಹೋಗಿ ತಾಯಿಯನ್ನು ಕಂಡು, ಸಂಜೆ ಬೆಲ್ಮಿರೊನ ಕೋಣೆಗೆ ಬಂದಳು. ಚೌಕದಲ್ಲಿ ಜನ ಆಗಲೇ ಸೇರಿದ್ದರು. ತಟ್ಟೆಯೊಂದು ಮುಗಿದಿತ್ತು. ಮುಂದಿನ ತಟ್ಟೆ ಹಾಕುವ ಬದಲು ಬೆಲ್ಮಿರೊ ಕುರ್ಚಿ ಎಳೆದುಕೊಂಡು ಅವಳ ಎದುರು ಕೂತ. ಮೈಕು ಮೇಜಿನ ಮೇಲೆಯೇ ಇತ್ತು. ಅವರಿಬ್ಬರ ಮಾತು ನನ್ನ ಗಂಟಲಿಗೆ ಬಂದಾಗ ನನಗೇ ಆಶ್ಚರ್ಯವಾಯಿತು.

"ಎಷ್ಟು ದಿನ ಇರ್ತೀಯ?" ಬೆಲ್ಮಿರೊ ಕೇಳಿದ.

"ಗೊತ್ತಿಲ್ಲ. ಕೊಟ್ಟಿಗೆಯಲ್ಲಿ ಜಾಗ ಖಾಲಿ ಇದ್ರೆ ಇಲ್ಲೇ ಇದ್ದುಬಿಡ್ತೀನಿ."

"ಹಾಡು ಬರೀತಿದ್ದೀಯಲ್ಲ?"

"ಬರೀತೀನಿ, ಎಲ್ವೀರಾ ಹಾಡ್ತಾಳೆ. ಅವಳದ್ದೇನೂ ತಪ್ಪಿಲ್ಲ, ಒಳ್ಳೇ ಹೆಂಗಸು. ಆದ್ರೆ ನಾನು ತಿಬೂರ್ಸಿಯೊ ಸತ್ತಿದ್ದು ಬರೆದ್ರೆ, ಅವಳ ಬಾಯಲ್ಲಿ ಯಾರೋ ರಾಜಕುಮಾರ ಸತ್ತ ಹಾಗೆ ಆಗುತ್ತೆ."

"ನೀನೇ ಹಾಡಬೇಕಿತ್ತು."

"ಕೇಳಿದೆ. ಹಾಡಿಯೂ ತೋರಿಸ್ದೆ. ಸ್ಟುಡಿಯೋದವರು ಏನಂದ್ರು ಗೊತ್ತಾ? ಈ ದನಿ ಮೀನು ಮಾರೋಕೆ ಸರಿ ಅಂದ್ರು. ಎಲ್ಲರೂ ನಕ್ಕರು. ನಾನೂ ಅವರ ಜೊತೆ ನಕ್ಕುಬಿಟ್ಟೆ, ಸೆಯು ಬೆಲ್ಮಿರೊ. ಅದೇ ಈಗ ನುಂಗೋಕೆ ಆಗ್ತಿಲ್ಲ."

ಕೆಳಗೆ ಇಡೀ ಚೌಕ ಕೇಳುತ್ತಿತ್ತು. ಮೀನು ಮಾರುವ ಹೆಂಗಸರ ಸಾಲಿನಲ್ಲಿ ಲಿಂದಾಲ್ವಾ ಎಂಬವಳಿದ್ದಳು. ಜುಲ್ಮೀರಾಳ ಓರಗೆಯವಳು, ಗಟ್ಟಿ ಬಾಯಿ, ಗಟ್ಟಿ ರಟ್ಟೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ನೋಡಿ, "ಮೀನು ಮಾರೋರ ದನಿಗೆ ಏನಾಗಿದೆಯಂತೆ?" ಎಂದಳು, ಮಾತಾಡಿದ್ದು ನಾನೇ ಎಂಬಂತೆ.

ಮೇಲೆ ಬೆಲ್ಮಿರೊ ಹೇಳಿದ, "ಹೊಸದೇನಾದ್ರೂ ಇದ್ರೆ ಹಾಡಮ್ಮ. ನನ್ನೊಬ್ಬನಿಗೆ."

ಅವಳು ಗಿಟಾರು ತೆಗೆದುಕೊಂಡು ಹಾಡಿದಳು. ಕಾಯಿ ಕೊಟ್ಟಿಗೆಯ ಹಾಡು ಅದು. ಚಿಪ್ಪು ಒಡೆಯುವ ಕೈಗಳ ಹಾಡು. ಸಂಜೆ ಮನೆಗೆ ಬಂದು ಮಗುವಿನ ತಲೆ ಸವರುವಾಗ ಒರಟು ಬೆರಳಿಗೆ ಕೂದಲು ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ತಾಯಿ ಕೈಯ ಹಿಂಬದಿಯಿಂದ ಸವರುತ್ತಾಳೆ ಎಂಬ ಮಾತು ಅದರಲ್ಲಿತ್ತು. ಕೆಳಗೆ ಕೊಟ್ಟಿಗೆಯ ಹೆಂಗಸರು ತಮ್ಮ ಕೈಗಳನ್ನು ನೋಡಿಕೊಂಡರು. ದೋನಾ ಫಿರ್ಮೀನಾ ತನ್ನ ಕೈಗಳನ್ನು ಲಂಗದ ಮಡಿಕೆಯೊಳಗೆ ಬಚ್ಚಿಟ್ಟಳು, ಮತ್ತೆ ಹೊರಗೆ ತೆಗೆದಳು.

ಜುಲ್ಮೀರಾ ಮೆಟ್ಟಿಲಿಳಿದು ಬಂದಾಗ ಇಡೀ ಊರು ಎದುರಿಗೆ ನಿಂತಿತ್ತು. ಅವಳಿಗೆ ವಿಷಯ ಅರ್ಥವಾಗಿ ಮುಖ ಕೆಂಪಾಯಿತು. ಬೆಲ್ಮಿರೊ ಕಿಟಕಿಯಿಂದ ತಲೆ ಹಾಕಿ, ಮೈಕಿನ ಗುಂಡಿ ಕೆಟ್ಟಿದೆ, ರಿಪೇರಿ ಮಾಡಿಸಬೇಕು ಎಂದ. ಆ ಗುಂಡಿ ಅದಕ್ಕೆ ಮೊದಲೂ ಕೆಟ್ಟಿರಲಿಲ್ಲ, ಆಮೇಲೂ ಕೆಡಲಿಲ್ಲ.

ಲಿಂದಾಲ್ವಾ ಮುಂದೆ ಬಂದು ಅವಳ ಕೈ ಹಿಡಿದಳು. "ಮೀನು ಮಾರೋಕೆ ಸರಿಯಾದ ದನಿ ಅಂದ್ರಂತೆ. ಬೆಳಿಗ್ಗೆ ಬಾ, ನನ್ನ ಜೊತೆ ಮಾರು. ನೋಡೇಬಿಡೋಣ."

ಜುಲ್ಮೀರಾ ನಿಜವಾಗಿಯೂ ಹೋದಳು. ಮರುದಿನ ಬೆಳಿಗ್ಗೆ ದಡದ ಮಾರುಕಟ್ಟೆಯಿಂದ ಅವಳ ದನಿ ನನಗೆ ಕೇಳುತ್ತಿತ್ತು, ತಂತಿಯಿಲ್ಲದೆ, ಗಾಳಿಯಲ್ಲೇ. ಪ್ರತಿ ಮೀನಿಗೂ ಅವಳು ಒಂದು ಸಾಲು ಕಟ್ಟುತ್ತಿದ್ದಳು. ಈ ಮೀನಿಗೆ ಮುಳ್ಳು ಕಡಿಮೆ, ಇದರ ಹೆಂಡತಿಗೆ ಕೋಪ ಜಾಸ್ತಿ, ಬೇಗ ಕೊಳ್ಳಿ, ಹುಡುಕಿಕೊಂಡು ಬಂದಾಳು. ಜನ ನೊಣಗಳ ಹಾಗೆ ಮುತ್ತಿದರು. ಬಿಸಿಲೇರುವ ಮೊದಲೇ ಬುಟ್ಟಿಯ ತಳ ಕಂಡಿತು. ಇಬ್ಬರೂ ಬಂದು ಕಂಬದ ನೆರಳಲ್ಲಿ ಕೂತರು.

"ನೋಡು, ಬುಟ್ಟಿ ಖಾಲಿ," ಎಂದಳು ಲಿಂದಾಲ್ವಾ. "ಆ ಸ್ಟುಡಿಯೋದವರು ಸುಳ್ಳು ಹೇಳಿಲ್ಲ. ಅದನ್ನ ಬೈಗುಳ ಅಂದುಕೊಂಡಿದ್ದು ನೀನು."

ಜುಲ್ಮೀರಾ ನಕ್ಕಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಕೈಯಲ್ಲಿದ್ದ ಮೀನಿನ ವಾಸನೆ ಕಣ್ಣಿಗೆ ಹತ್ತಿ ಇನ್ನಷ್ಟು ನೀರು ಬಂತು. ಆ ವಾರವೇ ರಿಯೊಗೆ ವಾಪಸು ಹೊರಟಳು.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಅವಳು ಬೆಲ್ಮಿರೊಗೂ ಲಿಂದಾಲ್ವಾಳಿಗೂ ಹೇಳಿದ್ದನ್ನು ಕೇಳಿದ್ದೇನೆ. ಕೊಟ್ಟಿಗೆಯ ಹಾಡನ್ನು ಎಲ್ವೀರಾ ಹಾಡಲಿ, ಕೊಡು ಎಂದು ಸ್ಟುಡಿಯೋದವರು ಕೇಳಿದರಂತೆ. ಜುಲ್ಮೀರಾ ಕೊಡುವುದಿಲ್ಲ ಎಂದಳಂತೆ. ಹಾಗಾದರೆ ಬೇರೆ ಹಾಡೂ ಬೇಡ ಎಂದು ಅವರು ಬಾಗಿಲು ಮುಚ್ಚಿದರು. ಅವಳು ಓಣಿಯೊಳಗಿನ ಒಂದು ಸಣ್ಣ ಹೋಟೆಲಿನಲ್ಲಿ, ತಟ್ಟೆ ಚಮಚಗಳ ಸದ್ದಿನ ನಡುವೆ ಹಾಡತೊಡಗಿದಳು. ಕೇಳುವವರು ಹತ್ತು ಜನ ಇದ್ದರೆ ಅಂದು ಹಬ್ಬ. ಹೀಗೇ ಬಹಳ ಕಾಲ ಕಳೆಯಿತು. ಒಂದು ದಿನ ಮೂಲೆಯ ಮೇಜಿನಲ್ಲಿ ಎಲ್ವೀರಾ ಸಾಂಪಾಯೊ ಬಂದು ಕೂತಿದ್ದಳು. ಊಟ ಹೇಳಿದಳು, ತಿನ್ನಲಿಲ್ಲ. ಹಾಡು ಮುಗಿದ ಮೇಲೆ ಹತ್ತಿರ ಬಂದು, "ಇಷ್ಟು ವರ್ಷ ನಾನು ನಿನ್ನ ಬಟ್ಟೆ ತೊಟ್ಟುಕೊಂಡು ತಿರುಗ್ತಿದ್ದೆ ಅನ್ನಿಸ್ತಿದೆ" ಎಂದಳಂತೆ.

ಅದಾದ ಮೇಲೆ ನಡೆದದ್ದನ್ನು ನಾನೇ ಊರಿಗೆ ಕೇಳಿಸಿದೆ. ರಿಯೊದ ದೊಡ್ಡ ರಂಗಮಂದಿರದಿಂದ ಎಲ್ವೀರಾಳ ಕಾರ್ಯಕ್ರಮ ರೇಡಿಯೊದಲ್ಲಿ ನೇರವಾಗಿ ಬರುತ್ತಿತ್ತು. ನಡುವೆ ಎಲ್ವೀರಾ ಹಾಡು ನಿಲ್ಲಿಸಿ, "ಹೊಳೆ ದಾಟಿಸಿದವನ ಹಾಡನ್ನ ಇವತ್ತು ನಾನು ಹಾಡಲ್ಲ. ಅದನ್ನ ಕಟ್ಟಿದವಳು ಇಲ್ಲೇ ಇದ್ದಾಳೆ, ಅವಳೇ ಹಾಡ್ತಾಳೆ. ಹೆಸರು ಜುಲ್ಮೀರಾ ಬೆಂಟಿಸ್, ಊರು ಇಗಾಪೊ" ಎಂದಳು.

ಪಿಟೀಲುಗಳು ಸುಮ್ಮನಾದವು. ಒಂದು ಗಿಟಾರು ಮಾತ್ರ. ಆಮೇಲೆ ಆ ದನಿ, ತಳದಲ್ಲಿ ಮರಳು ಸರಿಯುವ ಆ ದನಿ, ನೂರಾರು ಹರದಾರಿ ಆಚೆಯಿಂದ ನನ್ನ ಗಂಟಲಿಗೆ ಬಂತು. ನನಗೆ ಅದರ ಗುರುತು ಹತ್ತಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಚೌಕದಲ್ಲಿ ಕೆಲವರು ಕೂಗಿಕೊಂಡರು, ಯಾರೋ ಟೋಪಿ ಎಸೆದರು. ದೋನಾ ಫಿರ್ಮೀನಾ ತಿರುಗಿ, "ಸುಮ್ನಿರಿ. ನನ್ನ ಮಗಳು ಹಾಡ್ತಿದ್ದಾಳೆ" ಎಂದಳು.

ಅಲ್ಲಿಂದ ಅವಳ ಹೆಸರು ದೇಶದ ತುಂಬ ಹರಡಿತು. ತಟ್ಟೆಗಳು ಬಂದವು. ತಟ್ಟೆಯ ಹೊದಿಕೆಯ ಮೇಲೆ ಅವಳ ಚಿತ್ರ. ಬೆಲ್ಮಿರೊ ಔಷಧಿ ಬಾಟಲಿಗಳನ್ನು ಸರಿಸಿ ಅದನ್ನು ಅಂಗಡಿಯ ಎದುರಿಗೇ ಇಟ್ಟ. ಆಮೇಲೆ ದೇಶದಲ್ಲಿ ಸೈನಿಕರ ಆಡಳಿತ ಬಂತು. ಹಾಡಿಗೂ ಅಪ್ಪಣೆ ಬೇಕಾದ ಕಾಲ ಅದು. ಕೊಟ್ಟಿಗೆಯ ಹಾಡಿನಲ್ಲಿ ಯಾರ ಹೆಸರೂ ಇರಲಿಲ್ಲ, ಆದರೂ ಅದು ರೇಡಿಯೊದಲ್ಲಿ ಬರುವುದು ನಿಂತಿತು. ಜುಲ್ಮೀರಾ ಕೆಲವು ವರ್ಷ ಬೇರೆ ದೇಶಗಳಲ್ಲಿ ಹಾಡುತ್ತಾ ತಿರುಗಿದಳು. ಅಲ್ಲಿಯ ಚಳಿಗೆ ಗಿಟಾರಿನ ತಂತಿ ಬಿಗಿಯುವುದೇ ಒಂದು ಕಷ್ಟವಾಗಿತ್ತಂತೆ.

ನಮ್ಮ ಚೌಕದಲ್ಲೂ ಕಾಲ ಬದಲಾಯಿತು. ಟೆಲಿವಿಷನ್ ಬಂತು. ಜನ ಸಂಜೆ ಮನೆಯೊಳಗೇ ಉಳಿದರು. ಬೆಲ್ಮಿರೊ ಮುದುಕನಾಗಿ, ಒಂದು ಸಂಜೆ ಖಾಲಿ ಚೌಕಕ್ಕೆ ದೋಣಿಯ ಹೊತ್ತು ಓದಿ ಹೇಳಿ, ಮೈಕಿಗೆ ಬಟ್ಟೆ ಮುಚ್ಚಿದ. ಮತ್ತೆ ತೆಗೆಯಲಿಲ್ಲ. ಅವನು ಹೋದ ಮೇಲೆ ಅಂಗಡಿ ಬೇರೆಯವರ ಪಾಲಾಯಿತು. ನಮ್ಮನ್ನು ಕಂಬದಿಂದ ಇಳಿಸಿ ಹಿತ್ತಲಿಗೆ ಹಾಕಿದರು. ನನ್ನ ಮೂವರು ಜೊತೆಗಾರರನ್ನು ಗುಜರಿಯವನು ಒಯ್ದ. ನನ್ನನ್ನು ಒಯ್ಯುವ ಮೊದಲು ಲಿಂದಾಲ್ವಾ ಬಂದಳು.

"ಇದು ನನಗೆ ಬೇಕು. ಇದರ ಬಾಯಿ ನನ್ನ ಬಾಯಿಯಷ್ಟೇ ದೊಡ್ಡದಿದೆ" ಎಂದಳು.

ಲಿಂದಾಲ್ವಾ ಆ ಹೊತ್ತಿಗೆ ಒಂದು ದೋಣಿಯ ಒಡತಿ. ನದಿಯ ಒಳಕವಲುಗಳಲ್ಲಿ, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳಿಗೆ ಸೋಪು, ಸೀಮೆಎಣ್ಣೆ, ಸಕ್ಕರೆ, ಮಂಜುಗಡ್ಡೆ ಮಾರುತ್ತಿದ್ದಳು. ನನ್ನನ್ನು ದೋಣಿಯ ಮಾಡಿಗೆ ಕಟ್ಟಿದಳು. ಕಂಬದ ಮೇಲೆ ಒಂದೇ ದಿಕ್ಕು ನೋಡುತ್ತಾ ಬದುಕಿದ ನಾನು ಆಗ ಲೋಕ ಕಂಡೆ. ಮನೆ ಕಾಣುತ್ತಲೇ ಅವಳು ಒಂದು ಕ್ಯಾಸೆಟ್ ಹಾಕುತ್ತಿದ್ದಳು. ಅದು ಜುಲ್ಮೀರಾಳದ್ದೇ. ಯಾರೋ ಯಾರಿಗೋ ಕೊಟ್ಟು, ಕೈಯಿಂದ ಕೈಗೆ ಬಂದ ಕ್ಯಾಸೆಟ್. ಹಾಡು ಕೇಳಿದರೆ ಸೋಪು ಬಂತು ಎಂದು ಕಾಡಿನ ಜನಕ್ಕೆ ಗೊತ್ತಾಗುತ್ತಿತ್ತು.

ಒಮ್ಮೆ ಕಾಡಿನಲ್ಲಿ ಕಾಯಿ ಆರಿಸುವ ಒಬ್ಬ ಹೆಂಗಸು ತನ್ನ ಪುಟ್ಟ ದೋಣಿಯನ್ನು ನಮ್ಮ ಪಕ್ಕಕ್ಕೆ ತಂದು, ಕೊಟ್ಟಿಗೆಯ ಹಾಡನ್ನು ಪೂರ್ತಿ ಕೇಳಿದಳು.

"ಇನ್ನೊಂದ್ಸಲ ಹಾಕ್ತೀರಾ, ದೋನಾ ಲಿಂದಾಲ್ವಾ?"

"ಸೋಪು ಎಷ್ಟು ಬೇಕು?"

"ಸೋಪು ಬೇಡ. ಹಾಡು ಹಾಕಿ."

ಲಿಂದಾಲ್ವಾ ಹಾಕಿದಳು. ರೇಡಿಯೊದಲ್ಲಿ ಬಾರದ ಹಾಡು ಆ ವರ್ಷಗಳಲ್ಲಿ ನದಿಯ ಮೇಲೆ ಹೀಗೆ ಓಡಾಡಿತು. ಮುಂದೆ ಸೈನಿಕರ ಆಡಳಿತ ಮುಗಿದು, ಆ ಹಾಡು ಮತ್ತೆ ರೇಡಿಯೊದಲ್ಲಿ ಬಂದಾಗ ಒಳಕವಲಿನ ಜನಕ್ಕೆ ಅದು ಹೊಸದೇನೂ ಆಗಿರಲಿಲ್ಲ. ಜುಲ್ಮೀರಾ ದೇಶಕ್ಕೆ ಮರಳಿದಳು. ದೊಡ್ಡ ದೊಡ್ಡ ಮೈದಾನಗಳಲ್ಲಿ ಹಾಡಿದಳು. ದೋನಾ ಫಿರ್ಮೀನಾ ಮಗಳ ಜೊತೆ ರಿಯೊದಲ್ಲಿ ಕೆಲವು ವರ್ಷ ಇದ್ದು, ಅಲ್ಲಿಯೇ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು.

ಆಮೇಲೆ ಜುಲ್ಮೀರಾಳ ಗಂಟಲು ಕೈಕೊಟ್ಟಿತು. ಅರವತ್ತು ಹತ್ತಿರವಾಗಿತ್ತು. ಗಂಟಲೊಳಗೆ ಗಂಟು ಎಂದರು, ಶಸ್ತ್ರಚಿಕಿತ್ಸೆ ಮಾಡಿದರು. ಗಂಟು ಹೋಯಿತು, ಅದರ ಜೊತೆ ದನಿಯೂ ಹೋಯಿತು. ತಿಂಗಳುಗಟ್ಟಲೆ ಮಾತಾಡಬಾರದು, ಹಾಡುವ ಮಾತು ಮರೆತುಬಿಡಿ ಎಂದು ವೈದ್ಯರು ಹೇಳಿದರಂತೆ. ಅವಳು ಇಗಾಪೊಗೆ ಬಂದು ಲಿಂದಾಲ್ವಾಳ ಮನೆಯಲ್ಲಿ ಉಳಿದಳು. ಮನೆಯಲ್ಲಿ ಕೂತು ಕೂತು ಬೇಸರವಾದಾಗ ದೋಣಿ ಹತ್ತಿದಳು. ಲಿಂದಾಲ್ವಾ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು. ಜುಲ್ಮೀರಾ ಕೈಸನ್ನೆಯಲ್ಲಿ ಉತ್ತರ ಕೊಡುತ್ತಿದ್ದಳು. ಲಿಂದಾಲ್ವಾ ತನ್ನ ಕ್ಯಾಸೆಟ್ ಹಾಕಲು ಹೋದಾಗ ಮಾತ್ರ ಅವಳು ಕೈ ಅಡ್ಡ ಹಿಡಿದು ಬೇಡವೆಂದಳು. ಹಳೆಯ ದನಿ ಕೇಳುವುದು ಅವಳಿಂದ ಆಗುತ್ತಿರಲಿಲ್ಲ. ಹಾಗಾಗಿ ಅಷ್ಟು ದಿನ ನಾನೂ ಮೂಕನಾಗಿದ್ದೆ.

ಒಂದು ಮಧ್ಯಾಹ್ನ ಒಂದು ಕವಲಿನಲ್ಲಿ ಎಂಜಿನ್ ನಿಲ್ಲಿಸಿದ್ದೆವು. ಲಿಂದಾಲ್ವಾ ಸಕ್ಕರೆ ತೂಗುತ್ತಿದ್ದಳು, ಕೈ ಬಿಡುವಿರಲಿಲ್ಲ. ಆಚೆ ದಡದ ಮನೆಗಳಿಗೆ ಸುದ್ದಿ ಮುಟ್ಟಿರಲಿಲ್ಲ. "ಒಂದು ಮಾತು ಹೇಳೇ, ಯಾರಿಗೂ ಗೊತ್ತಾಗಿಲ್ಲ ನಾವು ಬಂದಿದ್ದು" ಎಂದವಳು, ಹೇಳಿದ್ದು ಯಾರಿಗೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ವೈದ್ಯರು ಹೇಳಿದ ತಿಂಗಳುಗಳೇನೋ ಮುಗಿದಿದ್ದವು. ಆದರೆ ಜುಲ್ಮೀರಾ ಇನ್ನೂ ಬಾಯಿ ತೆರೆದಿರಲಿಲ್ಲ. ಹೆದರಿಕೆ.

ಅವಳು ಲಿಂದಾಲ್ವಾ ಬೆಲೆ ಕೂಗಲು ದೋಣಿಯಲ್ಲಿ ಇಟ್ಟುಕೊಂಡಿದ್ದ ಮೈಕನ್ನು ಕೈಗೆ ತೆಗೆದುಕೊಂಡಳು. ತುಟಿಗೆ ತಾಗುವಷ್ಟು ಹತ್ತಿರ ಹಿಡಿದಳು.

"ಸೋಪು ಬಂದಿದೆ" ಎಂದಳು.

ಅದು ಪಿಸುಮಾತು. ಅರ್ಧ ದನಿ, ಅರ್ಧ ಗಾಳಿ. ಅದನ್ನು ಹೊರಗೆ ಹಾಕುವಾಗ ನನ್ನ ಪೊರೆ ಅಲುಗಿತೋ ಇಲ್ಲವೋ ಎಂಬಷ್ಟು ಹಗುರ. ಆದರೆ ನೀರು ಸುಮ್ಮನಿತ್ತು, ಕಾಡೂ ಸುಮ್ಮನಿತ್ತು. ಆ ಪಿಸುಮಾತು ನೀರಿನ ಮೇಲೆ ಜಾರುತ್ತಾ ಆಚೆ ದಡದ ತನಕ ಹೋಯಿತು. ಕಿಟಕಿಯೊಂದು ತೆರೆಯಿತು. "ಯಾರು ಮಾತಾಡಿದ್ದು?" ಎಂದು ಒಬ್ಬಳು ಕೇಳಿದಳು.

"ನನ್ನ ಹೊಸ ಕೆಲಸದವಳು," ಎಂದಳು ಲಿಂದಾಲ್ವಾ, ಸಕ್ಕರೆಯಿಂದ ತಲೆಯೆತ್ತದೆ.

ಜುಲ್ಮೀರಾ ಬಹಳ ಹೊತ್ತು ಮೈಕನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ವಾಪಸು ಬರುವಾಗ, "ಹಳೇ ಹಾಡು ಒಂದೂ ಬರಲ್ಲ ಇದರಲ್ಲಿ" ಎಂದಳು, ಅದೇ ಮುರುಕು ದನಿಯಲ್ಲಿ.

"ಹಳೇ ಹಾಡು ಹಳೇ ಗಂಟಲಿಗೆ ಕಟ್ಟಿದ್ದು. ಈ ಗಂಟಲಿಗೆ ಬೇಕಾದ್ದನ್ನ ಕಟ್ಟು" ಎಂದಳು ಲಿಂದಾಲ್ವಾ. "ಕೊಡೆಗೆ ಹಾಡು ಕಟ್ಟಿದವಳಿಗೆ ಇದೇನು ಮಹಾ?"

ಅವಳು ಕಟ್ಟಿದಳು. ಆ ವರ್ಷವಿಡೀ ನನ್ನ ಕೆಳಗೆ, ದೋಣಿಯ ಹಲಗೆಯ ಮೇಲೆ ಕೂತು. ಸಾಲುಗಳು ಚಿಕ್ಕವಾದವು. ಉಸಿರು ತೆಗೆದುಕೊಳ್ಳಲು ನಡುವೆ ಜಾಗ ಬಿಟ್ಟಳು. ಆ ಜಾಗದಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಒಂದೊಂದು ಸಲ ನನ್ನ ಮೂಲಕ ಹಾಡಿ ನೋಡುತ್ತಿದ್ದಳು. ಸಾಲು ಮಧ್ಯದಲ್ಲಿ ಒಡೆದುಹೋದರೆ, ಒಡೆದ ಕಡೆಯೇ ಸಾಲನ್ನು ಮುಗಿಸಿಬಿಡುತ್ತಿದ್ದಳು. ಆ ಹಾಡುಗಳ ತಟ್ಟೆ ಹೊರಗೆ ಬಂದಾಗ ಕೆಲವರು ಇದೇನು, ಮುದುಕಿ ಗೊಣಗಿದ ಹಾಗಿದೆ ಎಂದರಂತೆ. ಬೆಲೇಮ್‌ನ ಹಳೆಯ ನಾಟಕಶಾಲೆಯಲ್ಲಿ ಅವಳು ಹಾಡಿದ ದಿನ ಲಿಂದಾಲ್ವಾ ಮುಂದಿನ ಸಾಲಿನಲ್ಲಿ ಕೂತಿದ್ದಳು. ನನ್ನನ್ನು ಯಾರೂ ಕರೆದೊಯ್ಯಲಿಲ್ಲ. ಅಷ್ಟು ದೊಡ್ಡ ಸಭೆಯಲ್ಲಿ ಕೆಮ್ಮಿದವರೂ ಇರಲಿಲ್ಲ, ಜನ ಮುಂದಕ್ಕೆ ಬಾಗಿ ಬಾಗಿ ಕೇಳಿದರು ಎಂದು ಲಿಂದಾಲ್ವಾ ಬಂದು ಎಲ್ಲರಿಗೂ ಹೇಳಿದಳು. ಎಷ್ಟು ಸಲ ಹೇಳಿದಳೆಂದರೆ ನಾನೂ ಅಲ್ಲಿ ಇದ್ದೆನೇನೋ ಎಂದು ಈಗ ಅನ್ನಿಸುತ್ತದೆ.

ಈಗ ನಾನು ಮುದಿಯಾಗಿದ್ದೇನೆ. ಪೊರೆ ಹರಿದು ಬಹಳ ಕಾಲವಾಯಿತು. ಬೂದು ಬಣ್ಣ ಎಲ್ಲೋ ಒಂದೆರಡು ಕಡೆ ಉಳಿದಿದೆ. ದೋಣಿ ಮಾರಿದಾಗ ಲಿಂದಾಲ್ವಾ ನನ್ನನ್ನು ಬಿಚ್ಚಿ ಮನೆಗೆ ತಂದಳು. ಬೆನ್ನಿನ ಅಯಸ್ಕಾಂತ ತೆಗೆಸಿದಳು. ತಲೆಕೆಳಗಾಗಿ ಹಿಡಿದು ಲಾಳಿಕೆ ಮಾಡಿಕೊಂಡಿದ್ದಾಳೆ. ಹುರಿದ ಮರಗೆಣಸಿನ ಹಿಟ್ಟನ್ನು ಚೀಲಕ್ಕೆ ತುಂಬುವಾಗ ಅಗಲ ಬಾಯಿಗೆ ಸುರಿದರೆ ಸಣ್ಣ ತುದಿಯಿಂದ ಅದು ಸರ್ರೆಂದು ಇಳಿಯುತ್ತದೆ. ಮೊದಮೊದಲು ನನಗೆ ಅವಮಾನ ಅನ್ನಿಸಿತು. ಈಗ ಹಾಗೆ ಅನ್ನಿಸುವುದಿಲ್ಲ. ಬ್ರೆಜಿಲ್‌ನ ಈ ಭಾಗದಲ್ಲಿ ಹಿಟ್ಟಿಲ್ಲದೆ ಊಟವಿಲ್ಲ. ಕೆಲಸವಿರುವುದೇ ದೊಡ್ಡದು.

ಕಂಬದ ಮೇಲೂ ದೋಣಿಯ ಮೇಲೂ ಎಷ್ಟೋ ದನಿಗಳು ನನ್ನ ಮೂಲಕ ಹಾದುಹೋದವು. ಅಧಿಕಾರಿಗಳ ದನಿ, ಪಾದ್ರಿಗಳ ದನಿ, ಚುನಾವಣೆಗೆ ನಿಂತವರ ದನಿ. ಅವರೆಲ್ಲ ತಮ್ಮ ದನಿ ದೊಡ್ಡದಾಗಲಿ ಎಂದು ನನ್ನ ಹತ್ತಿರ ಬಂದವರು. ಜುಲ್ಮೀರಾ ಒಬ್ಬಳು ಮಾತ್ರ ನನ್ನ ಹತ್ತಿರ ಮೆಲ್ಲಗೆ ಮಾತಾಡಲು ಕಲಿತಳು. ಬೇಡ ಎಂದ ದನಿಯಲ್ಲೇ ಬದುಕು ಮಾಡಿದಳು. ಅದು ಕೆಟ್ಟಾಗ ಉಳಿದದ್ದರಲ್ಲೇ ಇನ್ನೊಂದು ಬದುಕು ಮಾಡಿದಳು. ಎಂಬತ್ತು ದಾಟಿದ್ದರೂ ಇನ್ನೂ ಬರೆಯುತ್ತಿದ್ದಾಳೆ. ಭಾನುವಾರ ಲಿಂದಾಲ್ವಾಳಿಗೆ ಫೋನು ಮಾಡುತ್ತಾಳೆ. ಇಬ್ಬರಿಗೂ ಕಿವಿ ಮಂದ. ಹಾಗಾಗಿ ಮಾತುಕತೆಯಲ್ಲಿ ಅರ್ಧ 'ಏನಂದೆ' ಎಂಬುದೇ ಇರುತ್ತದೆ.

ಮೊನ್ನೆ ಲಿಂದಾಲ್ವಾಳೂ ಅವಳ ಸೊಸೆ ಜಾನೈನಾಳೂ ಹಿಟ್ಟು ತುಂಬುತ್ತಿದ್ದರು. ಜಾನೈನಾ ಹಿಟ್ಟಿನ ಮೊರ ಹಿಡಿದಿದ್ದಳು, ಲಿಂದಾಲ್ವಾ ಚೀಲದ ಬಾಯಿಗೆ ನನ್ನನ್ನು ಹಿಡಿದಿದ್ದಳು. ಕಿಟಕಿಯ ಮೇಲೆ ಜಾನೈನಾಳ ಫೋನು ಹಾಡುತ್ತಿತ್ತು. ಹಾಡು ಮುಗಿದು ಇನ್ನೊಂದು ಶುರುವಾಯಿತು. ಗಿಟಾರಿನ ಎರಡು ತಂತಿ, ಒಂದು ಉಸಿರು, ಆಮೇಲೆ ಆ ಅರ್ಧ ದನಿ. ಯಾರೂ ಇದುವರೆಗೆ ಕೇಳಿರದ ಹಾಡು, ಹೊಚ್ಚಹೊಸದು. ಜಾನೈನಾ ಮೊರ ಎತ್ತಿದವಳು, "ಅತ್ತೆ, ಸುರೀಲಾ?" ಎಂದಳು.

ಲಿಂದಾಲ್ವಾ ತನ್ನ ಹಿಟ್ಟು ಮೆತ್ತಿದ ಕೈಯನ್ನು ನನ್ನ ಬಾಯಿಗೆ ಅಡ್ಡ ಹಿಡಿದಳು.

"ತಡಿ, ಹಾಡು ಮುಗೀಲಿ. ಹಿಟ್ಟು ಎಲ್ಲಿಗೂ ಓಡಿಹೋಗಲ್ಲ."